ಬಾಯಾರು ಮತ್ತು ಸಾವಕಾಶದ ಕೂಸು

ಬಾಯಾರು ತೀರಿಕೊಂಡ ಸುದ್ದಿ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಅದು ಅವರ ಪದ್ಧತಿಗೆ ಸರಿಯಾಗಿಯೇ ಇತ್ತು. ಬದುಕಿದ್ದಾಗಲೂ ಅವರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಊಟದ ಹೊತ್ತಿಗೇ, ಅದೂ ಬರಿಗೈಯಲ್ಲಿ ಅಲ್ಲ. ಒಂದು ಕೈಯಲ್ಲಿ ಕೂಸು ಕಕ್ಕಿದ ಅರಿವೆ, ಇನ್ನೊಂದು ಕೈಯಲ್ಲಿ ಕೂಸು ಹೊಲಸು ಮಾಡಿದ ಅರಿವೆ. ಎರಡನ್ನೂ ನನ್ನ ಡಬ್ಬಿಯ ಮುಂದೆ ಹಿಡಿದು, "ಡಾಕ್ಟರ್ರ, ಬಣ್ಣ ನೋಡ್ರಿ," ಅನ್ನುತ್ತಿದ್ದರು. ನಾನು ಡಬ್ಬಿ ಮುಚ್ಚಲು ಹೋದರೆ, "ನೀವು ಉಣ್ರಿ, ಉಣ್ರಿ. ಕಣ್ಣಲೆ ನೋಡೂದೈತಿ, ಕೈಲೆ ಅಲ್ಲ," ಎಂದು ಸಮಾಧಾನ ಹೇಳುತ್ತಿದ್ದರು. ಅವರ ಜೊತೆ ಕೆಲಸ ಮಾಡಿದ ಎರಡೂವರೆ ವರ್ಷದಲ್ಲಿ ನಾನು ತೆಳ್ಳಗಾದದ್ದಕ್ಕೆ ನನ್ನ ತಾಯಿ ಖಾನಾಪುರದ ನೀರನ್ನು ಬೈಯುತ್ತಿದ್ದಳು. ನಿಜವಾದ ಕಾರಣ ಹೇಳಲು ನನಗೆ ಧೈರ್ಯವಾಗಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಖಾನಾಪುರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಡಾಕ್ಟರನಾಗಿದ್ದೆ. ಪಾಸಾಗಿ ಹೊರಬಿದ್ದು ಆರು ತಿಂಗಳಾಗಿತ್ತು. ಬೋರ್ಡಿನ ಮೇಲೆ ಹೆಸರಿದ್ದ ದೊಡ್ಡ ಡಾಕ್ಟರರು ವಾರಕ್ಕೆ ಎರಡು ಸಲ ಬೆಳಗಾವಿಯಿಂದ ಬರುತ್ತಿದ್ದರು. ಉಳಿದ ದಿನ ಆಸ್ಪತ್ರೆಯನ್ನು ನಾನು ನಡೆಸುತ್ತಿದ್ದೆ, ನನ್ನನ್ನು ಬಾಯಾರು ನಡೆಸುತ್ತಿದ್ದರು. ಅವರು ಅಲ್ಲಿಯ ಹಿರಿಯ ನರ್ಸು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೂ ಸೂಜಿ ಚುಚ್ಚುವ ಹೆಣ್ಣುಮಕ್ಕಳಿಗೂ ಬಾಯಾರು ಎಂದೇ ಕರೆಯುತ್ತಾರೆ. ಅವರಿಗೊಂದು ಹೆಸರಿತ್ತು, ಆದರೆ ಅದನ್ನು ಯಾರೂ ಬಳಸಿದ್ದನ್ನು ನಾನು ಕೇಳಲಿಲ್ಲ. ಇಲ್ಲಿ ನಾನೂ ಬಳಸುವುದಿಲ್ಲ.

ಗಿಡ್ಡ ಮೈಕಟ್ಟು, ದಾರ ಕಟ್ಟಿದ ಕನ್ನಡಕ, ಸೊಂಟದಲ್ಲಿ ಯಾವಾಗಲೂ ಸಿಕ್ಕಿಸಿಕೊಂಡ ನಾಲ್ಕೈದು ಬಿಳಿ ಅರಿವೆ ತುಂಡು. ಹುಟ್ಟಿದ ಕೂಸಿಗೆ ಬಣ್ಣದ ಬಟ್ಟೆ ಹಾಕಿದರೆ ಅವರಿಗೆ ಆಗುತ್ತಿರಲಿಲ್ಲ. "ಹೂವಿನ ಅರಿವ್ಯಾಗ ಕಕ್ಕಿದ್ರ ಯಾವುದು ಹೂವು, ಯಾವುದು ಕಕ್ಕಿದ್ದು ಅಂತ ಹ್ಯಾಂಗ ಗೊತ್ತಾಗಬೇಕು?" ಎಂದು ಕೇಳುವರು. ಹೆರಿಗೆಗೆ ಬಂದವರು ಮನೆಯಿಂದ ಹಳೇ ಧೋತರ ತರಲೇಬೇಕು, ಬಾಯಾರು ಅದನ್ನು ಹರಿದು ತುಂಡು ಮಾಡುವರು. ಹಳೆಯದು ಸಿಗದಿದ್ದರೆ ಉಟ್ಟದ್ದೇ ಬರುತ್ತಿತ್ತು. ಖಾನಾಪುರದ ಎಷ್ಟೋ ಅಜ್ಜಂದಿರು ಪ್ಯಾಂಟು ಹಾಕಲು ಕಲಿತದ್ದು ಇವರ ದೆಸೆಯಿಂದಲೇ ಎಂದು ನಾನು ತಮಾಷೆ ಮಾಡುತ್ತಿದ್ದೆ. ಬೈಯುವುದರಲ್ಲೂ ಅವರದೊಂದು ನಿಯಮವಿತ್ತು. ಕನ್ನಡದವರಿಗೆ ಮರಾಠಿಯಲ್ಲಿ ಬೈಯುತ್ತಿದ್ದರು, ಮರಾಠಿಯವರಿಗೆ ಕನ್ನಡದಲ್ಲಿ. ಮನಸ್ಸಿಗೆ ಹತ್ತಬಾರದು ಎಂಬ ಉದ್ದೇಶ. ಊರಿನಲ್ಲಿ ಎಲ್ಲರಿಗೂ ಎರಡೂ ಬರುತ್ತಿತ್ತಾದ್ದರಿಂದ ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಎಲ್ಲಕ್ಕಿಂತ ಹೆಸರಾದದ್ದು ಅವರ ಕುಂದಾ ಕಾಯ್ದೆ. ಕೂಸು ಹುಟ್ಟಿದ ಸುದ್ದಿ ಹೋದ ಕೂಡಲೇ ಬೆಳಗಾವಿಯಿಂದ ಅಪ್ಪನಾದವನು ಹಾಲಿನ ಸಿಹಿ ಕುಂದಾದ ಡಬ್ಬಿ ಹಿಡಿದು ಬರುತ್ತಿದ್ದ. ಬಾಯಾರು ಬಾಗಿಲಲ್ಲೇ ಡಬ್ಬಿ ಇಸಿದುಕೊಂಡು ಔಷಧಿ ಕಪಾಟಿನಲ್ಲಿಟ್ಟು ಕೀಲಿ ಹಾಕಿಬಿಡುವರು. "ಮೊದಲ ಕೂಸಿನ ಕರೇ ಸಂಡಾಸ, ಆಮ್ಯಾಲೆ ನಿಮ್ಮ ಕುಂದಾ." ಹುಟ್ಟಿದ ಕೂಸು ಮೊದಲ ಸಲ ಮಾಡುವುದು ಡಾಂಬರಿನ ಹಾಗೆ ಕಪ್ಪಗಿರುತ್ತದಲ್ಲ, ಅದು. ಅದು ಬರುವ ತನಕ ಅಪ್ಪ, ಅಜ್ಜ, ಸೋದರಮಾವಂದಿರು ಎಲ್ಲ ಪಡಸಾಲೆಯ ಬೆಂಚಿನ ಮೇಲೆ ಸಾಲಾಗಿ ಕೂತಿರಬೇಕು. ಕಡೆಗೆ ಬಾಯಾರು ಹೊರಗೆ ಬಂದು "ಆತ್ರಿ" ಎಂದರೆ ಎಲ್ಲರೂ ಎದ್ದು ಒಬ್ಬರ ಕೈ ಒಬ್ಬರು ಹಿಡಿಯುವರು. ಹೊಸಬರು ನೋಡಿದರೆ ಕೂಸು ಹುಟ್ಟಿದ್ದೇ ಆಗ ಅಂದುಕೊಳ್ಳಬೇಕು. ಅವರು ಅದೇ ಕೈಯಿಂದ (ತೊಳೆದಿರುತ್ತಿದ್ದರು, ಆದರೂ) ನನಗೂ ಒಂದು ಚಮಚ ಕುಂದಾ ಕೊಡುತ್ತಿದ್ದರು. ಬೆಳಗಾವಿಯವನಾಗಿಯೂ ನಾನು ಕುಂದಾ ಬಿಟ್ಟದ್ದು ಆ ವರ್ಷಗಳಲ್ಲೇ.

ಕೂಸು ಕೈಗೆ ಬಂದರೆ ಅವರು ಮೊದಲು ಮುಖ ನೋಡುತ್ತಿರಲಿಲ್ಲ. ತಿರುಗಿಸಿ ಹಿಂದೆ ನೋಡುವರು, ದಾರಿ ಇದೆಯೋ ಇಲ್ಲವೋ ಎಂದು. ಆಮೇಲೆ ಗಂಡೋ ಹೆಣ್ಣೋ, ಆಮೇಲೆ ಮೂಗು ಯಾರದು ಎಂಬ ಮಾತು. ಈ ಚಟ ಆಸ್ಪತ್ರೆಯ ಹೊರಗೂ ಬಿಡುತ್ತಿರಲಿಲ್ಲ. ಖಾನಾಪುರ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಗುರುತಿಲ್ಲದ ಹೆಣ್ಣುಮಗಳು "ಸ್ವಲ್ಪ ಹಿಡೀರಿ" ಎಂದು ಕೂಸನ್ನು ಇವರ ಕೈಗಿಟ್ಟು ನೀರು ಕುಡಿಯಲು ಹೋಗಿದ್ದಳು. ತಿರುಗಿ ಬರುವಷ್ಟರಲ್ಲಿ ಬಾಯಾರು ಕೂಸಿನ ಲಂಗೋಟಿ ಬಿಚ್ಚಿ ತಪಾಸಣೆ ಮುಗಿಸಿದ್ದರು. ಪಕ್ಕದ ಮನೆಯ ಖಾಲಾ ತಮ್ಮ ಆಡು ಈದಿದೆ ಎಂದು ಖುಷಿಯಿಂದ ಮರಿಯನ್ನು ತೋರಿಸಲು ತಂದಾಗಲೂ ಇವರು ರೂಢಿಯಂತೆ ಬಾಲ ಎತ್ತಿದರು. ದಾರಿ ಇರಲಿಲ್ಲ. ಮರಿಯನ್ನು ಹೊತ್ತುಕೊಂಡು ದನದ ಡಾಕ್ಟರರ ಹತ್ತಿರ ಓಡಿದರು, ಅದು ಉಳಿಯಿತು. ಆ ಖಾಲಾ ಸಾಯುವ ತನಕ ಬಾಯಾರನ್ನು ಎಲ್ಲರಿಗೂ "ನಮ್ಮ ಆಡಿನ ಡಾಕ್ಟರು" ಎಂದು ಪರಿಚಯಿಸುತ್ತಿದ್ದರು, ಬಾಯಾರಿಗೆ ಅದು ಸೇರುತ್ತಿರಲಿಲ್ಲ.

ಈ ಚಟದ ಮೂಲವನ್ನು ಅವರು ನನಗೆ ಒಂದೇ ಸಲ ಹೇಳಿದರು. ನೌಕರಿಗೆ ಸೇರಿದ ಹೊಸದರಲ್ಲಿ ಕಾಡಂಚಿನ ಒಂದು ಹಳ್ಳಿಯಲ್ಲಿ ಹೆರಿಗೆ ಮಾಡಿಸಿದ್ದರು. ಕೂಸಿನ ಕಣ್ಣು ಓರೆ, ಕಿವಿ ಸಣ್ಣವು, ಕೈಕಾಲು ಮೆತ್ತಗೆ. ಡೌನ್ ಸಿಂಡ್ರೋಮ್ ಎಂಬ ಹೆಸರು ಅವರಿಗೆ ಆಗ ಗೊತ್ತಿರಲಿಲ್ಲ. ಮನೆಯವರೆಲ್ಲ ಮುಖ ನೋಡುತ್ತ ಕೂತರು, ಇವರೂ ಕೂತರು. ಹಿಂದಿನ ದಾರಿ ಹುಟ್ಟಿನಿಂದಲೇ ಮುಚ್ಚಿದೆ ಎಂದು ತಿಳಿದದ್ದು ಮೂರನೇ ದಿನ, ಹೊಟ್ಟೆ ಬಿಗಿದು ನಿಂತ ಮೇಲೆ. ಚಕ್ಕಡಿ, ಆಮೇಲೆ ಬಸ್ಸು. ಬೆಳಗಾವಿ ಮುಟ್ಟುವ ಮೊದಲೇ ಕೂಸು ಇವರ ಮಡಿಲಲ್ಲಿ ತೀರಿಕೊಂಡಿತು. ಇಂಥ ಕೂಸುಗಳಲ್ಲಿ ಅನ್ನದ ದಾರಿ ಎಲ್ಲಿಯಾದರೂ ಒಂದು ಕಡೆ ಕಟ್ಟಿರುವುದು ಉಂಟು, ಮೇಲಾಗಲಿ ಕೆಳಗಾಗಲಿ, ಮೊದಲೇ ನೋಡಬೇಕಿತ್ತು ಎಂದು ಅಲ್ಲಿಯ ಡಾಕ್ಟರರು ಹೇಳಿದರಂತೆ. "ಮಾರಿ ನೋಡಕೋತ ಕುಂತು ಕೂಸ ಕಳಕೊಂಡ್ನಿ," ಅಂದರು ಬಾಯಾರು. ಅಂದು ಅವರು ಅರಿವೆ ಹಿಡಿದು ಬಂದಿರಲಿಲ್ಲ.

ಆ ಕೂಸುಗಳಿಗೆ ಆಗ ಡಾಕ್ಟರುಗಳು ಕೂಡ ಒಳ್ಳೆಯ ಶಬ್ದ ಬಳಸುತ್ತಿರಲಿಲ್ಲ. ಬಾಯಾರು ತಮ್ಮದೇ ಒಂದು ಹೆಸರು ಮಾಡಿಕೊಂಡಿದ್ದರು. ಸಾವಕಾಶದ ಕೂಸು. "ನಡೀತೈತಿ, ಮಾತಾಡತೈತಿ, ನಗತೈತಿ. ಎಲ್ಲಾ ಮಾಡತೈತಿ. ಅದಕ್ಕ ಗಡಿಬಿಡಿ ಇಲ್ಲ, ನಿಮಗೈತಿ," ಎಂದು ತಾಯಂದಿರಿಗೆ ಹೇಳುವರು.

ಶೋಭಾ ಚೊಚ್ಚಲ ಹೆರಿಗೆಗೆ ಖಾನಾಪುರದ ತವರಿಗೆ ಬಂದಿದ್ದಳು. ಗಂಡ ಬೆಳಗಾವಿ ರವಿವಾರ ಪೇಟೆಯ ಒಂದು ಮೆಣಸಿನಕಾಯಿ ಸಗಟು ಅಂಗಡಿಯಲ್ಲಿ ಕೆಲಸಕ್ಕಿದ್ದ. ಒಳ್ಳೆಯ ಮನುಷ್ಯ, ಆದರೆ ಮೈತುಂಬ ಬ್ಯಾಡಗಿ ಘಾಟು. ಅವನು ವಾರ್ಡಿನೊಳಗೆ ಕಾಲಿಟ್ಟರೆ ಬಾಣಂತಿಯರೆಲ್ಲ ಸೀನುವರು, ಹೊಲಿಗೆ ಹಾಕಿಸಿಕೊಂಡವರು ಸೀನಿ ಅಳುವರು. ಬಾಯಾರು ಅವನಿಗೆ ಕಿಟಕಿಯ ಹೊರಗೆ ಒಂದು ಕಲ್ಲು ತೋರಿಸಿ, "ತಮ್ಮಾ, ನಿನ್ನ ಜಾಗಾ ಇದು," ಅಂದಿದ್ದರು. ಹೆಣ್ಣು ಕೂಸು ಬೆಳಿಗ್ಗೆ ಹುಟ್ಟಿತು. ಹಿಂದಿನ ದಾರಿ ಸರಿಯಾಗಿತ್ತು. ಮಧ್ಯಾಹ್ನಕ್ಕೆ ಕಪ್ಪು ಬಣ್ಣದ್ದೂ ಆಯಿತು. ಕುಂದಾ ಕಪಾಟಿನಿಂದ ಹೊರಬಂತು, ಎಲ್ಲರೂ ತಿಂದರು.

ಮರುದಿನ ಊಟದ ಹೊತ್ತಿಗೆ ಬಾಯಾರು ಕೂಸು ಕಕ್ಕಿದ ಅರಿವೆ ಹಿಡಿದು ಬಂದರು. ಹಸಿರು, ಕಡು ಹಸಿರು. ಹಿಂದೆಯೇ ಶೋಭಾಳ ತಾಯಿ ಬಂದರು.

"ಏನಿಲ್ರಿ ಡಾಕ್ಟರ್ರ, ಬಾಣಂತಿ ಸಬ್ಬಸಗಿ ಪಲ್ಯಾ ಉಂಡಾಳ. ಹಾಲಾಗ ಇಳದೈತಿ."

"ಹಂಗಾರ ಗಾಜರಿ ಉಂಡಿದ್ರ ಕೂಸು ಕೆಂಪ ಕಕ್ಕತಿತ್ತೇನು ಆಯಿ?" ಬಾಯಾರು ಕೇಳಿದರು.

ಆಯಿ ಸ್ವಲ್ಪ ವಿಚಾರ ಮಾಡಿದರು. "ಬಾಣಂತಿಗೆ ಗಾಜರಿ ಕೊಡೂದಿಲ್ರಿ ಬಾಯಾರ. ಥಂಡಿ ಆಗತೈತಿ."

ನಾನು ಹೋಗಿ ಕೂಸನ್ನು ನೋಡಿದೆ. ಓರೆ ಕಣ್ಣು, ಅಂಗೈಯಲ್ಲಿ ಅಡ್ಡಕ್ಕೆ ಒಂದೇ ಗೆರೆ, ಮೆತ್ತಗಿನ ಕತ್ತು. ಹೊಟ್ಟೆಯ ಮೇಲ್ಭಾಗ ಉಬ್ಬಿ ಕೆಳಭಾಗ ಒಳಕ್ಕೆ ಹೋಗಿತ್ತು. ಪುಸ್ತಕದಲ್ಲಿ ಓದಿದ್ದು ಎದುರಿಗೆ ಬಂದು ಮಲಗಿತ್ತು. ಜಠರ ದಾಟಿದ ಕೂಡಲೇ ಸಣ್ಣ ಕರುಳು ಹುಟ್ಟಿನಿಂದಲೇ ಕಟ್ಟಿಕೊಂಡಿದೆ, ಒಂದು ಹನಿ ಹಾಲೂ ಕೆಳಗಿಳಿಯುವುದಿಲ್ಲ, ಹಸಿರು ಪಿತ್ತ ಮೇಲೆ ಬರುತ್ತದೆ. ಆಪರೇಶನ್ ಆಗದಿದ್ದರೆ ಕೂಸು ಉಳಿಯುವುದಿಲ್ಲ.

"ಸಾವಕಾಶದ ಕೂಸು ಅಂತ ನಿನ್ನಿನ ಗೊತ್ತಾಗಿತ್ತು," ಅಂದರು ಬಾಯಾರು. "ಆದ್ರ ಕರೇ ಸಂಡಾಸ ಆತಲ್ಲ, ನಾ ನಂಬಿದ್ನಿ."

ತಡೆ ಅಷ್ಟು ಮೇಲಿದ್ದರೆ ಕೆಳಗಿನ ಕರುಳಿನಲ್ಲಿ ಮೊದಲೇ ಇದ್ದದ್ದು ಹೊರಗೆ ಬಂದುಬಿಡಬಹುದು, ನಿಮ್ಮ ತಪ್ಪಲ್ಲ ಎಂದು ನಾನು ಹೇಳಿದೆ. ಅವರು ಸ್ಟೂಲಿನ ಮೇಲೆ ಕೂತು ಕನ್ನಡಕ ತೆಗೆದು ಒರೆಸಿಕೊಂಡರು. ತಪ್ಪು ಅರಿವೆಯಿಂದ ಒರೆಸಿಕೊಂಡದ್ದು ಹಾಕಿಕೊಂಡ ಮೇಲೆ ಗೊತ್ತಾಯಿತು. ಇನ್ನೊಂದು ಅರಿವೆ ತೆಗೆದು ಮತ್ತೆ ಒರೆಸುತ್ತ, "ಹಂಗಾರ ಕಾಯ್ದೆ ಬದಲ ಮಾಡಬೇಕು," ಅಂದರು. ಆಮೇಲೆ ಎದ್ದು, ಸಣ್ಣ ನಳಿಗೆಯನ್ನು ಕೂಸಿನ ಮೂಗಿನಿಂದ ಜಠರಕ್ಕಿಳಿಸಿ ಹಸಿರನ್ನೆಲ್ಲ ಎಳೆದು ತೆಗೆದರು. ನಾನು ಸಲಾಯಿನ್ ಹಚ್ಚಿದೆ. ನನಗೆ ಮೂರು ಸಲ ಚುಚ್ಚಿದರೂ ಸಿಗದ ನರ ಅವರು ಕೂಸಿನ ಕೈ ಹಿಡಿದ ಮೇಲೆ ಸಿಕ್ಕಿತು.

ಬೆಳಗಾವಿಗೆ ಒಯ್ಯಬೇಕು ಅಂದಾಗ ತಂಟೆ ಶುರುವಾಯಿತು. ಐದನೇ ದಿನ ಸಟವಾಯಿಯ ಪೂಜೆ. ಆ ದಿನ ಸಟವಾಯಿ ದೇವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ, ಅವಳಿಗೆಂದು ಕೂಸಿನ ತಲೆಯ ಹತ್ತಿರ ಖಾಲಿ ಕಾಗದ, ಪೆನ್ನು ಇಡುತ್ತಾರೆ. ಅಲ್ಲಿಯ ತನಕ ಕೂಸು ಊರ ಸೀಮೆ ದಾಟಬಾರದು ಎಂದು ಆಯಿ ಪಟ್ಟು ಹಿಡಿದರು. ಅಷ್ಟರಲ್ಲಿ ಕಿಟಕಿಯ ಹೊರಗಿನಿಂದ ಅಪ್ಪ ಕೇಳಿದ.

"ಡಾಕ್ಟರ್ರ, ಕೂಸಿನ ಮಾರಿ ಹಂಗ್ಯಾಕೈತ್ರಿ?"

ನಾನು ಇದ್ದದ್ದನ್ನು ಹೇಳಿದೆ. ಅವನು ಕಿಟಕಿಯ ಸರಳು ಹಿಡಿದು, "ಆಪರೇಶನ್ ಮಾಡಿದ್ರ ಬುದ್ಧಿ ಬರತೈತೇನ್ರಿ?" ಎಂದು ಕೇಳಿದ. ಇಲ್ಲ, ಆಪರೇಶನ್ನು ಕರುಳಿಗೆ ಅಂದೆ. ಅವನು ನೆಲ ನೋಡಿದ. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಂಗಾರ ಐದ ದಿನ ಆಗಲಿ. ಸಟವಾಯಿ ಏನ ಬರೀತಾಳ ಬರೀಲಿ," ಅಂದರು. ಐದು ದಿನ ಅಂದರೆ ಏನರ್ಥವೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಮಂಚದ ಮೇಲೆ ಶೋಭಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ನಾನು ನನ್ನ ಖೋಲಿಗೆ ಹೋಗಿ ಬೆಳಗಾವಿಯ ಸರ್ಜನ್ನರಿಗೆ ಪತ್ರ ಬರೆದೆ. ಬಾಯಾರು ಬಂದು ಎದುರಿಗೆ ನಿಂತು, "ಕನ್ನಡದಾಗ ಓದ್ರಿ," ಅಂದರು. ಓದಿದೆ. ಕೂಸಿಗೆ ಡೌನ್ ಸಿಂಡ್ರೋಮ್ ಇರುವಂತೆ ಕಾಣುತ್ತದೆ, ಮುಂದಿನ ಬದುಕು ಕಷ್ಟದ್ದು, ಮನೆಯವರಿಗೆ ಉತ್ಸಾಹವಿಲ್ಲ, ಶಸ್ತ್ರಚಿಕಿತ್ಸೆಯ ವಿಷಯವನ್ನು ಅವರ ಇಚ್ಛೆಗೆ ಬಿಡುವುದೇ ಸೂಕ್ತ. ಹೀಗೆ ಸಾಗಿತ್ತು. ಅದು ದಯೆಯ ಮಾತು ಎಂದೇ ನಾನು ಆಗ ತಿಳಿದಿದ್ದೆ.

"ಮಾರಿ ವಿಷಯ ಎಷ್ಟನೇ ಸಾಲಿನ್ಯಾಗ ಐತ್ರಿ?"

"ಒಂದನೇ ಸಾಲು."

"ಹಸರ ಕಕ್ಕೂದು?"

ನಾನು ಎಣಿಸಿದೆ. "ಏಳನೇ ಸಾಲು."

"ನಾನೂ ಹಿಂಗ ಮಾಡಿದ್ನಿ ನೋಡ್ರಿ, ಆ ಹಳ್ಳ್ಯಾಗ," ಅಂದರು. ದನಿ ಏರಲಿಲ್ಲ, ಮರಾಠಿಗೂ ಹೋಗಲಿಲ್ಲ. "ಡಾಕ್ಟರ್ರ, ಈ ಕೂಸಿನ ಹೊಟ್ಟಿಗೆ ತನಗ ಬುದ್ಧಿ ಕಡಿಮಿ ಐತಿ ಅಂತ ಗೊತ್ತಿಲ್ಲ. ಹಸಿವಿ ಆಗೈತಿ ಅಂತ ಅಷ್ಟ ಗೊತ್ತೈತಿ."

ನನಗೆ ನಾಚಿಕೆಯಾಯಿತು. ಪತ್ರ ಹರಿದು ಬುಟ್ಟಿಗೆ ಹಾಕಿದೆ. ಹೊಸದಾಗಿ ನಾಲ್ಕು ಸಾಲು ಬರೆದೆ. ಹಸಿರು ವಾಂತಿ, ಹೊಟ್ಟೆ ಮೇಲೆ ಉಬ್ಬಿದೆ, ಕರುಳು ಕಟ್ಟಿದೆ, ಹೃದಯವನ್ನೂ ನೋಡಿ ತಡಮಾಡದೆ ಆಪರೇಶನ್ ಮಾಡಬೇಕು. ಡೌನ್ ಸಿಂಡ್ರೋಮ್ ಎಂಬುದು ಕೊನೆಗೆ ಬಂತು. ಇನ್ನೇನು ಮಡಚಬೇಕು, ಅವರು ಕೈ ಅಡ್ಡ ಹಿಡಿದರು. "ಮಡಚಬ್ಯಾಡ್ರಿ. ಕೆಳಗ ಅರ್ಧಾ ಹಾಳಿ ಖಾಲಿ ಐತಲ್ಲ, ಅದು ಬೇಕು. ನಿಮ್ಮ ಪೆನ್ನೂ ಕೊಡ್ರಿ."

ವಾರ್ಡಿಗೆ ಹೋಗಿ ಆ ಪತ್ರವನ್ನೂ ನನ್ನ ಪೆನ್ನನ್ನೂ ಕೂಸಿನ ತಲೆಯ ಹತ್ತಿರ ಇಟ್ಟು ಅರಿಷಿಣ ಕುಂಕುಮ ಹಚ್ಚಿದರು.

"ಆಯಿ, ಸಟವಾಯಿ ಖಾನಾಪುರದಾಗ ಅಷ್ಟ ಬರಿಯಾಕಿ ಏನು? ಬೆಳಗಾವಿ ಕೂಸಿಗೆ ಯಾರ ಬರೀತಾರ? ಕಾಗದ ಐತಿ, ಪೆನ್ನ ಐತಿ. ಐದನೇ ದಿವಸ ಕೂಸು ಎಲ್ಲಿ ಇರತೈತಿ ಅಲ್ಲಿಗೆ ಬಸ್ ಹತ್ತಿ ಬರತಾಳ. ಆದ್ರ ಕೂಸು ಇರಬೇಕಲ್ಲ?"

ಆಯಿ ಕಾಗದವನ್ನು ಬಗ್ಗಿ ನೋಡಿದರು. "ಡಾಕ್ಟರು ಆಗಲೇ ಬರದ ಬಿಟ್ಟಾರಲ್ಲ ಅದರ ಮ್ಯಾಲೆ."

"ಅವರು ಬರದಿದ್ದು ಬೆಳಗಾವಿ ತನಕ ಅಷ್ಟ. ಮುಂದಿಂದಕ್ಕ ಅಂತ ಜಾಗಾ ಬಿಡಸೇನಿ."

ಆಯಿ ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಶೋಭಾ ಮಂಚದಿಂದ ಇಳಿದು ಚಪ್ಪಲಿ ಹುಡುಕತೊಡಗಿದಳು. "ಅವ್ವಾ, ನಾ ಹೊಂಟೆ," ಅಂದಳು. ಆವತ್ತು ಅವಳು ಆಡಿದ್ದು ಅದೊಂದೇ ಮಾತು.

ಜೀಪಿನಲ್ಲಿ ಬಾಯಾರು ಕೂಸನ್ನು ಎದೆಗೆ ಕಟ್ಟಿಕೊಂಡು ಹಿಂದೆ ಕೂತರು, ಪಕ್ಕದಲ್ಲಿ ಶೋಭಾ. ಅಪ್ಪ ಮುಂದೆ ಕೂತ. ಅರ್ಧ ಹರದಾರಿ ಹೋಗುವಷ್ಟರಲ್ಲಿ ಡ್ರೈವರ್ ಸೀನತೊಡಗಿದನಂತೆ. ಒಂದೊಂದು ಸೀನಿಗೂ ಜೀಪು ರಸ್ತೆ ಬಿಟ್ಟು ಇಳಿಯುತ್ತಿತ್ತು. ಬಾಯಾರು ಗಾಡಿ ನಿಲ್ಲಿಸಿ, ಅಪ್ಪನ ಅಂಗಿ ಬಿಚ್ಚಿಸಿ, ಅದನ್ನು ಗಂಟು ಕಟ್ಟಿ ಜೀಪಿನ ಹಿಂದೆ ತೂಗಹಾಕಿದರು. ಮಗಳ ಜೀವ ಉಳಿಸಲು ಅವನು ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಬನಿಯನ್ನಿನಲ್ಲಿ ಹೋದ. ಪತ್ರ ಅವನ ಕೈಯಲ್ಲಿತ್ತು, ಮಡಚದೆ.

ಮರುದಿನ ಆಪರೇಶನ್ ಆಯಿತು, ಕಟ್ಟಿದ ಜಾಗವನ್ನು ಬದಿಗೊತ್ತಿ ಕರುಳು ಜೋಡಿಸಿದರು. ಬಾಯಾರು ರಜೆ ಹಾಕಿ ಅಲ್ಲೇ ಹಿಂದವಾಡಿಯಲ್ಲಿದ್ದ ತಂಗಿಯ ಮನೆಯಲ್ಲಿ ಉಳಿದು ದಿನಾಲು ಆಸ್ಪತ್ರೆಗೆ ಹೋಗುತ್ತಿದ್ದರು. ದಿನಾಲು ನನಗೆ ಫೋನೂ ಬರುತ್ತಿತ್ತು, ನನ್ನ ಊಟದ ಹೊತ್ತಿಗೇ. ಕೂಸಿನ ನಳಿಗೆಯಿಂದ ಬರುವುದರ ಬಣ್ಣದ ವರದಿ. ಒಂದು ದಿನ "ಹೆಸರಕಾಳ," ಒಂದು ದಿನ "ಕಬ್ಬಿನಹಾಲ." ನಾನು ಮೊದಲು ಹೆಸರುಕಾಳಿನ ಪಲ್ಯ ಬಿಟ್ಟೆ, ಆಮೇಲೆ ಕಬ್ಬಿನಹಾಲು ಬಿಟ್ಟೆ. ಐದನೇ ದಿನ ಆಯಿಯೇ ಬೆಳಗಾವಿಗೆ ಹೋಗಿ ಕಾಗದ ಕೇಳಿದರು. ಪತ್ರ ಕೇಸ್ ಫೈಲಿನಲ್ಲಿ ಸೇರಿಬಿಟ್ಟಿತ್ತು, ಬಿಚ್ಚಿ ಕೊಡಲು ಬರುವುದಿಲ್ಲ ಎಂದು ಅಲ್ಲಿಯ ಸಿಸ್ಟರ್ ಅಂದರು. ಬಾಯಾರೂ ಆ ಸಿಸ್ಟರೂ ಅರ್ಧ ತಾಸು ವಾದ ಮಾಡಿ, ಕಡೆಗೆ ಎಕ್ಸ್‌ರೇ, ರಕ್ತದ ರಿಪೋರ್ಟು, ಎಲ್ಲ ಇದ್ದ ಇಡೀ ಫೈಲನ್ನೇ ಕೂಸಿನ ತಲೆಯ ಹತ್ತಿರ ಐದು ನಿಮಿಷ ಇಡುವುದೆಂದು ಒಪ್ಪಂದವಾಯಿತು. "ಸಟವಾಯಿಗೆ ಓದಾಕ ಅನುಕೂಲ ಆತು," ಅಂದರು ಬಾಯಾರು ಫೋನಿನಲ್ಲಿ.

ಆರನೇ ದಿನ, ಏಳನೇ ದಿನ ಬಣ್ಣ ತಿಳಿಯಾಗಲಿಲ್ಲ. ಬಾಯಾರು ಹೆಚ್ಚು ಮಾತಾಡದೆ ಫೋನಿಡುತ್ತಿದ್ದರು, ನಾನು ಡಬ್ಬಿ ಮುಚ್ಚಿಡುತ್ತಿದ್ದೆ. ಒಂಬತ್ತನೇ ದಿನ "ನೀರು" ಅಂದರು. ಆಮೇಲೆ ಹನಿಹನಿಯಾಗಿ ತಾಯಿಯ ಹಾಲು ಕೊಟ್ಟರು. ಹನ್ನೊಂದನೇ ದಿನ ಫೋನು ಎತ್ತಿದಾಗ ಆ ಕಡೆಯಿಂದ ಒಂದೇ ಮಾತು ಬಂತು, "ಆತ್ರಿ." ನಾನು ಎಂಜಲುಗೈಯಲ್ಲೇ ಪಡಸಾಲೆಗೆ ಹೋಗಿ ಅಲ್ಲಿ ಕೂತಿದ್ದ ಯಾರ ಯಾರದೋ ನೆಂಟರಿಗೆಲ್ಲ "ಕೂಸು ಹೇತಿತಂತ," ಎಂದು ಹೇಳಿದೆ. ಗುರುತಿಲ್ಲದ ಜನ, ಆದರೂ ಖುಷಿಪಟ್ಟರು.

ತಿರುಗಿ ಬಂದ ಮೇಲೆ ಬಾಯಾರು ಕಾಯ್ದೆ ತಿದ್ದಿದರು. ಕರೇ ಸಂಡಾಸ ಆದರೂ ಇನ್ನೊಂದು ಪೂರ್ತಿ ದಿನ ಬಿಳಿ ಅರಿವೆಯ ಮೇಲೆ ಹಸಿರು ಬೀಳಬಾರದು, ಆಮೇಲೆ ಕುಂದಾ. ಸೆಖೆಯಲ್ಲಿ ಕುಂದಾ ಕೆಡುತ್ತದೆ ಎಂದು ಜನ ಗೊಣಗಿದರು. ಬಾಯಾರು ಕನ್ನಡದವರಿಗೆ ಮರಾಠಿಯಲ್ಲಿ ಉತ್ತರ ಕೊಟ್ಟರು.

ನಾನು ಖಾನಾಪುರ ಬಿಟ್ಟು ಬಹಳ ವರ್ಷವಾಯಿತು. ಮಕ್ಕಳ ಡಾಕ್ಟರನಾದೆ. ಯಾವ ಕೂಸು ಬಂದರೂ ಪತ್ರದ ಮೊದಲ ಸಾಲಿನಲ್ಲಿ ಅದರ ಕಷ್ಟವನ್ನು ಬರೆಯುತ್ತೇನೆ. ಬಾಯಾರಿಗೆ ವರ್ಷಕ್ಕೊಂದು ಸಲ ಫೋನು ಮಾಡುತ್ತಿದ್ದೆ, ಹರಿದುಹಾಕಿದ ಆ ಪತ್ರದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಅವರು ತೀರಿಕೊಂಡ ಮೇಲೆ ಮನೆಯವರನ್ನು ಮಾತಾಡಿಸಲು ಹೋದ ದಿನ ಅವರ ಅಂಗಳದಲ್ಲಿ ಊರಿಗೆ ಊರೇ ಕೂತಿತ್ತು. ಒಬ್ಬ ಗಿಡ್ಡ ಹುಡುಗಿ, ಇಪ್ಪತ್ತು ದಾಟಿರಬೇಕು, ಬಂದವರಿಗೆಲ್ಲ ನೀರು ಕೊಡುತ್ತಿದ್ದಳು. ಲೋಟ ಕೊಟ್ಟು, ಕುಡಿದು ಮುಗಿಸುವ ತನಕ ಎದುರಿಗೆ ನಿಂತು ನೋಡಿ, ಆಮೇಲೇ ಮುಂದಿನವರಿಗೆ ಹೋಗುವಳು. ಅರ್ಧ ಬಿಟ್ಟವರಿಗೆ ಲೋಟ ತಿರುಗಿ ಕೊಡುತ್ತಿದ್ದಳು. ಶೋಭಾ ನನ್ನನ್ನು ಗುರುತು ಹಿಡಿದಳು.

"ಗೌರಿ, ಬಾ ಇಲ್ಲೆ. ಬಾಯಾರು ಹೇಳತಿದ್ರಲ್ಲ, ಒಂದ ನಿಮಿಷಾನೂ ತಡಾ ಮಾಡದ ನಿನ್ನ ಬೆಳಗಾವಿಗೆ ಕಳಿಸಿದ ಡಾಕ್ಟರು ಅಂತ. ಇವರ ಅವರು. ನಮಸ್ಕಾರ ಮಾಡು."

ಬಾಯಾರು ಇಷ್ಟು ವರ್ಷ ಊರ ತುಂಬ ಹಾಗೆ ಹೇಳಿಕೊಂಡು ಬಂದಿದ್ದರು ಎಂದು ನನಗೆ ಆಗಲೇ ಗೊತ್ತಾದದ್ದು. ಹುಡುಗಿ ಲೋಟ ಕೆಳಗಿಟ್ಟು ಬಗ್ಗತೊಡಗಿದಳು. ನಾನು ಹಿಂದೆ ಸರಿದೆ.

"ಶೋಭಾ, ಹಂಗಲ್ಲ ಅದು," ಅಂದೆ. "ಮೊದಲು ನಾನು ಪತ್ರದಾಗ ಬ್ಯಾರೆ ಬರದಿದ್ದೆ. ಆಪರೇಶನ್ ಮಾಡದಿದ್ರೂ ನಡೀತೈತಿ ಅನ್ನೂ ಹಂಗ ಬರದಿದ್ದೆ. ಬಾಯಾರು ಅದನ್ನ ಹರಿಸಿದ್ರು."

ಶೋಭಾ ನನ್ನ ಮುಖ ನೋಡಿದಳು. ಸುತ್ತ ಕೂತವರೂ ನೋಡಿದರು. "ಹರದವರೂ ನೀವ ಅಲ್ಲೇನ್ರಿ," ಅಂದಳು ಶೋಭಾ. ಅವಳ ಕಣ್ಣು ತುಂಬಿದ್ದವು, ನನ್ನವೂ ತುಂಬಿದವು. ಇನ್ನು ಅಲ್ಲಿ ನಿಲ್ಲಲಾರೆ ಎನಿಸಿ ನಾನು ಚಪ್ಪಲಿಯ ಕಡೆ ತಿರುಗಿದೆ.

ಕೆಳಗಿನಿಂದ ಯಾರೋ ನನ್ನ ಪ್ಯಾಂಟು ಹಿಡಿದು ಎಳೆದರು. ಗೌರಿ ಇನ್ನೂ ಬಗ್ಗಿಕೊಂಡೇ ಇದ್ದಳು. ಒಂದು ಕೈ ನನ್ನ ಪಾದದ ಮೇಲಿತ್ತು, ಪ್ಯಾಂಟು ಬಿಟ್ಟು ಇನ್ನೊಂದು ಕೈಯೂ ಬರುತ್ತಿತ್ತು.

"ನಿಂದರ್ರಿ," ಅಂದಳು. "ನಂದಿನ್ನಾ ಮುಗದಿಲ್ಲ."

ನಾನು ನಿಂತೆ.